ಟೀವಿಯಲ್ಲಿ ಬಂದ ಚಿಕ್ಕಪ್ಪ

ಸಿ.ಎಸ್. ಪುರದಲ್ಲಿ ನಮ್ಮ ಚಿಕ್ಕಪ್ಪನದು ಹಿಟ್ಟಿನ ಮಿಲ್ಲು. ಮೊದಲ ಲಾಕ್‌ಡೌನ್ ಹೊತ್ತಿನಲ್ಲಿ ಅವರಿಗೆ ಜ್ವರ ಬಂತು. ಆಂಬುಲೆನ್ಸ್ ಬಂದು ತುಮಕೂರಿಗೆ ಕರೆದೊಯ್ದಿತು. ಅವರು ಆಸ್ಪತ್ರೆ ಸೇರುವ ಮೊದಲೇ ಟೀವಿಯಲ್ಲಿ ಮಿಲ್ಲಿನ ಬಾಗಿಲು ಬಂತು. ಸುತ್ತ ಕೆಂಪು ಗೆರೆ, ಹಿಂದೆ ಭಯ ಹುಟ್ಟಿಸುವ ಮ್ಯೂಸಿಕ್ಕು. ‘ಊರಿಗೆಲ್ಲ ಸೋಂಕು ಹಂಚಿದ ಮಿಲ್ ಮಾಲೀಕ’ ಅಂತ ಒಬ್ಬ ಕಿರುಚುತ್ತಿದ್ದ. ತುಮಕೂರಿನ ಮನೆಯಲ್ಲಿ ಕೂತು ನಾನು ಅದನ್ನು ನೋಡುತ್ತಿದ್ದೆ.

ರಿಪೋರ್ಟ್ ನೆಗೆಟಿವ್ ಬಂತು. ಬರೀ ಟೈಫಾಯ್ಡ್. ಅದನ್ನು ಯಾವ ಚಾನೆಲ್ಲೂ ಹೇಳಲಿಲ್ಲ. ಚಿಕ್ಕಪ್ಪ ಊರಿಗೆ ವಾಪಸ್ಸಾದ ಮೇಲೆ ರಾಗಿ ಬೀಸಿಸಲು ಬಹಳ ದಿನ ಯಾರೂ ಬರಲಿಲ್ಲ. ಚಿಕ್ಕಮ್ಮ ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರಂತೆ. ಚಿಕ್ಕಪ್ಪ ಟೀವಿಯ ವೈರು ಕಿತ್ತು ಅಟ್ಟಕ್ಕೆ ಹಾಕಿದರು.

ಮರುವರ್ಷ ಎರಡನೇ ಅಲೆ ಬಂದಾಗ ನಮ್ಮ ಬೀದಿಯಲ್ಲೇ ಸಾವುಗಳಾದವು. ಫೋನ್ ಮಾಡಿದೆ.

“ಚಿಕ್ಕಪ್ಪ, ಈ ಸಲ ಹುಷಾರು. ಸ್ವಲ್ಪ ದಿನ ಮಿಲ್ ಮುಚ್ಚಿ.”

“ನಿಂಗ್ಯಾರು ಹೇಳಿದ್ರು? ಟೀವಿಯೋರಾ?”

“ಇಲ್ಲಿ ಕಣ್ಣಾರೆ ನೋಡ್ತಿದೀನಿ.”

“ಬುಡವ್ವ. ಜನಾನ ಹೆದರಿಸ್ಕಂಡೇ ಬದುಕೋರು ಅವ್ರು.”

ಡಾಕ್ಟರ್ ಹೇಳಲಿ, ನಾನು ಹೇಳಲಿ, ಅವರ ಕಿವಿಗೆ ಎಲ್ಲ ಟೀವಿ ಮಾತಿನ ಹಾಗೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ಚಿಕ್ಕಮ್ಮನಿಗೆ ಕೆಮ್ಮು ಶುರುವಾಯಿತು. ಟೆಸ್ಟ್ ಮಾಡಿಸಿ ಅಂತ ಮನೆಗೆ ಬಂದ ಆಶಾ ಕಾರ್ಯಕರ್ತೆಯನ್ನು ಚಿಕ್ಕಪ್ಪ, “ಮತ್ತೆ ಕ್ಯಾಮೆರಾ ಕರೆಸ್ತೀಯಾ?” ಎಂದು ಬಾಗಿಲಿಂದಲೇ ಕಳಿಸಿದರು. ತಾವೇ ಕಷಾಯ ಕಾಯಿಸಿ ಕುಡಿಸಿದರು, ಬೆನ್ನು ನೀವಿದರು. ಹೆಂಡತಿಯ ಮೇಲೆ ಅವರಿಗೆ ಪ್ರೀತಿ ಕಮ್ಮಿಯಿರಲಿಲ್ಲ. ಉಸಿರು ಕಟ್ಟತೊಡಗಿದ ಮೇಲೆ ನನಗೆ ಫೋನ್ ಬಂತು. ಪರಿಚಯದವರ ಕಾರಿನಲ್ಲಿ ತುಮಕೂರಿಗೆ ಕರೆತಂದರು. ಆಸ್ಪತ್ರೆ ಗೇಟಿನಲ್ಲಿ ನಿಂತಿದ್ದ ನನ್ನನ್ನು ಕಿಟಕಿಯಿಂದ ನೋಡಿ ಚಿಕ್ಕಮ್ಮ, “ಊಟ ಆಯ್ತಾ?” ಅಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಬೆಡ್ಡೇನೋ ಸಿಕ್ಕಿತು, ಆದರೆ ತುಂಬಾ ತಡವಾಗಿತ್ತು. ಮಾರನೇ ದಿನ ತೀರಿಕೊಂಡರು.

ಆಸ್ಪತ್ರೆಯವರು ಮುಖವನ್ನೂ ಸರಿಯಾಗಿ ತೋರಿಸದೆ ಸುತ್ತಿಬಿಟ್ಟಿದ್ದರು. ಹೊರಗೆ ಕಟ್ಟೆಯ ಮೇಲೆ ಕೂತ ಚಿಕ್ಕಪ್ಪ ನನ್ನ ಕಡೆ ತಿರುಗಿದರು.

“ಅವತ್ತು ಹೇಳಿದ್ದು ಸುಳ್ಳು ಕಣವ್ವ. ಈ ಸಲ ಹೇಳ್ತಿರೋದು ನಿಜ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕಿತ್ತು?”

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.

ಈಗ ಅವರು ಕುಣಿಗಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. “ನಡಿ, ಡಾಕ್ಟ್ರಿಗೆ ತೋರಿಸ್ಕಂಡು ಬರಾಣ,” ಎನ್ನುತ್ತಾರೆ. ಏನಿಲ್ಲ, ಬರೀ ಧೂಳು ಅಂದರೂ ಕೇಳುವುದಿಲ್ಲ.