ಆರನೆಯ ನಾಳ

ಜಮಖಂಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಮಟನ್ ಅಂಗಡಿಯ ಮುಂದೆ, ಬಿಳಿ ಅಂಗಿ ತೊಟ್ಟ ಐವತ್ತಮೂರು ವರ್ಷದ ಜೈನ ಗೃಹಸ್ಥರೊಬ್ಬರು ಥರ್ಮಾಸ್ ಹಿಡಿದು ನಿಂತಿದ್ದಾರೆ. ಅವರ ಕಣ್ಣು ಕೈಗಡಿಯಾರದ ಮೇಲಿದೆ.

“ಮಾಸ್ತರ, ಮುಖಾ ಆ ಕಡಿ ಮಾಡ್ರಿ,” ಎಂದು ಅಂಗಡಿಯ ದಶರಥ ಒಳಗಿನಿಂದ ಹೇಳುತ್ತಾನೆ. “ನೋಡಿದ್ರ ಮತ್ತ ಮಧ್ಯಾಹ್ನ ಊಟಾ ಬಿಡತೀರಿ.”

ಅವರು ಗೋಡೆಯತ್ತ ತಿರುಗುತ್ತಾರೆ. ಸ್ವಲ್ಪ ಹೊತ್ತಿಗೆ ದಶರಥ ಹೊರಬಂದು, ಬೆರಳುದ್ದದ ಎರಡು ಬಿಳಿಚಿದ ಕೊಳವೆಗಳನ್ನು ಥರ್ಮಾಸಿನ ತಣ್ಣನೆಯ ಉಪ್ಪುನೀರಿಗೆ ಇಳಿಬಿಡುತ್ತಾನೆ. ಆಡಿನ ಎದೆಯಿಂದ ಹೊರಡುವ ದೊಡ್ಡ ರಕ್ತನಾಳಗಳವು. ಉಳಿದ ದಿನಗಳಲ್ಲಿ ಅವು ಬೀದಿನಾಯಿಗಳ ಪಾಲು.

“ಇವತ್ತರ ಮುಗೀತೈತೇನ್ರಿ?”

“ಇದು ಆರನೇದು, ದಶರಥ. ಇದೊಂದ ಆತಂದ್ರ ಆತು.”

“ಆಗಲಿಲ್ಲಂದ್ರ?”

“ನಾಳೆ ಐತವಾರ, ಕಾಲೇಜಿಗೆ ಕೀಲಿ. ನಾಡದ ಚೌತಿ, ಅದರ ಮರದಿನ ನಮ್ಮ ಪರ್ವ. ಹತ್ತ ದಿನ ನಿನ್ನ ಕಟ್ಟಿ ಹತ್ತಂಗಿಲ್ಲ.” ಆಗದಿದ್ದರೆ ಏನು ಎಂಬ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ. ಸ್ಕೂಟರಿನ ಮುಂದಿನ ಚೀಲದಲ್ಲಿ ಥರ್ಮಾಸ್ ನೆಟ್ಟಗೆ ನಿಲ್ಲಿಸಿ, ಗಣಪತಿ ಪೆಂಡಾಲಿಗೆ ಅಗೆದ ರಸ್ತೆಯನ್ನು ಬಳಸಿಕೊಂಡು ಅವರು ಕಾಲೇಜಿನತ್ತ ಹೊರಡುತ್ತಾರೆ.

ಇವರು ನೇಮಿರಾಜ ಮಗದುಮ್. ಹುಟ್ಟೂರು ತೇರದಾಳ. ಜಮಖಂಡಿಯ ಔಷಧಶಾಸ್ತ್ರ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಔಷಧ ರಸಾಯನಶಾಸ್ತ್ರದ ಅಧ್ಯಾಪಕರು. ಪಾಠ ಮುಗಿದ ಮೇಲೆ ಅವರು ಮಾಡುವ ಕೆಲಸ ಊರಿನಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ರಕ್ತನಾಳದ ಗೋಡೆಯಲ್ಲಿ ಗ್ರಾಹಕಗಳಿರುತ್ತವೆ. ದೇಹದ ಕೆಲವು ರಾಸಾಯನಿಕಗಳು ಬಂದು ಅವುಗಳ ಮೇಲೆ ಕೂತರೆ ನಾಳ ಬಿಗಿಯುತ್ತದೆ, ರಕ್ತದ ಒತ್ತಡ ಏರುತ್ತದೆ. ಹಾಗೆ ಕೂರದಂತೆ ತಡೆಯುವ ಹೊಸ ಅಣುಗಳನ್ನು ಕಟ್ಟಿ ನೋಡುವುದು ನೇಮಿರಾಜರ ಸಂಶೋಧನೆ. ವಿದ್ಯಾರ್ಥಿಗಳಿಗೆ ಅವರು ಇದನ್ನು ಒಂದೇ ಉಸಿರಿನಲ್ಲಿ ತಿಳಿಸುತ್ತಾರೆ. “ಬಸ್ಸಿನ ಕಿಟಕಿಯಾಗ ಟವೆಲ್ ಒಗದ ಸೀಟ ಹಿಡಿತೀರಲ್ಲ, ನಮ್ಮ ಔಷಧ ಆ ಟವೆಲ್. ತಾನೂ ಬಸ್ಸಿನಾಗ ಊರಿಗೆ ಹೋಗಂಗಿಲ್ಲ, ಮತ್ತೊಬ್ಬನ್ನೂ ಕೂಡಗೊಡಂಗಿಲ್ಲ.”

ಹನ್ನೊಂದು ವರ್ಷಗಳಲ್ಲಿ ಅವರು ಅರವತ್ತೊಂದು ಅಣುಗಳನ್ನು ಕಟ್ಟಿದ್ದಾರೆ. ಅವುಗಳ ಪೈಕಿ ಒಂದರ ಹೆಸರು ಬಂದರೆ ಮಾತ್ರ ಅವರ ದನಿ ತಗ್ಗುತ್ತದೆ. ಅದು ಹದಿನಾಲ್ಕನೆಯದು.

ಮನೆಯಲ್ಲಿ ತಾಯಿ ಬಾಳವ್ವ ಇದ್ದಾರೆ. ವಯಸ್ಸು ಎಪ್ಪತ್ತೆಂಟು. ನೀರನ್ನು ಸೋಸದೆ ಕುಡಿಯದವರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಅಗುಳು ಇಡದವರು. ನಾಳ ಮುಟ್ಟಿದ ದಿನ ಮಗನಿಗೆ ಹಿತ್ತಲ ಬಾಗಿಲಲ್ಲೇ ಬಿಸಿನೀರಿನ ಬಕೆಟ್ ಕಾದಿರುತ್ತದೆ. ಜಳಕವಾಗದೆ ಅಡುಗೆಮನೆಗೆ ಪ್ರವೇಶವಿಲ್ಲ. ಒತ್ತಡದ ಮಾತ್ರೆಯನ್ನು ಬಾಳವ್ವ ಹದಿನೈದು ವರ್ಷದಿಂದ ನುಂಗುತ್ತಿದ್ದಾರೆ. “ಏ ನೇಮಾ, ನಿನ್ನ ಗುಳಿಗಿ ಯಾವಾಗ ಬರತೈತೋ? ನಾ ಹ್ವಾದಮ್ಯಾಲ ನನ್ನ ಫೋಟೋಕ್ಕ ಏರಸಾಂವ ಏನ?” ಎಂಬುದು ಅವರ ನಿತ್ಯದ ಚುಚ್ಚು.

ಈ ತಾಯಿಗೆ ಒಂಬತ್ತು ವರ್ಷಗಳ ಹಿಂದೆ ಮಗ ಒಂದು ಮಾತು ಕೊಟ್ಟಿದ್ದರು: ದಶಲಕ್ಷಣ ಪರ್ವದ ಹತ್ತು ದಿನ ಮಟನ್ ಅಂಗಡಿಗೆ ಕಾಲಿಡುವುದಿಲ್ಲವೆಂದು. ಆ ವರ್ಷ ಪರ್ವಕ್ಕೆ ಎರಡು ದಿನ ಮುಂಚೆ ಅವರು ತಾಜಾ ನಾಳದ ಒಂದು ಎಳೆಯನ್ನು ಪರೀಕ್ಷಾ ಕೊಳವೆಯ ಬೆಚ್ಚನೆಯ ದ್ರಾವಣದಲ್ಲಿ ತೂಗಿಬಿಟ್ಟು ಅದಕ್ಕೆ, ನಾಳ ಬಿಗಿಸುವ ದೇಹದ ರಾಸಾಯನಿಕಗಳಲ್ಲಿ ಒಂದಾದ ನಾರ್ಅಡ್ರಿನಲಿನ್ ಕೊಟ್ಟರು. ನಾಳ ಬಿಗಿಯಿತು. ಅದಕ್ಕೆ ಕಟ್ಟಿದ ಕಡ್ಡಿ ಮಸಿ ಬಳಿದ ಕಾಗದದ ಮೇಲೆ ನಲವತ್ತು ಮಿಲಿಮೀಟರ್ ಎತ್ತರದ ಬಿಳಿ ಗೆರೆ ಎಳೆಯಿತು. ಉಳಿದ ನಾಳವನ್ನು ಫ್ರಿಜ್ಜಿನಲ್ಲಿಟ್ಟರು.

ಪರ್ವದ ಮೂರನೆಯ ದಿನ ಮನಸ್ಸು ತಡೆಯಲಿಲ್ಲ. “ಅಂಗಡಿಗೆ ಹೋಗಂಗಿಲ್ಲ ಅಂತ ಮಾತ ಕೊಟ್ಟಿದ್ದೆ. ಫ್ರಿಜ್ ತೆಗೆಯಂಗಿಲ್ಲ ಅಂತ ಕೊಟ್ಟಿರಲಿಲ್ಲ ನೋಡ್ರಿ,” ಎಂದು ಅವರು ಕನ್ನಡಕ ಒರೆಸಿಕೊಳ್ಳುತ್ತಾರೆ. ಇಟ್ಟಿದ್ದ ನಾಳವನ್ನು ಆರು ತುಂಡು ಮಾಡಿ, ಹದಿನಾಲ್ಕನೆಯ ಅಣುವನ್ನು ಬೆರೆಸಿ, ಮತ್ತೆ ನಾರ್ಅಡ್ರಿನಲಿನ್ ಕೊಟ್ಟರು. ಆರೂ ತುಂಡು ಅಲುಗಲಿಲ್ಲ. ಗೆರೆ ಅಂಗೈಯಂತೆ ಸಮತಟ್ಟಾಗಿತ್ತು. ಗ್ರಾಹಕಗಳೆಲ್ಲ ಮುಚ್ಚಿಹೋಗಿವೆ ಎಂದು ಅವರು ನಂಬಿದರು.

ಪ್ರಬಂಧ ಅಚ್ಚಾಯಿತು. ಬಸದಿಯ ಅಂಗಳದಲ್ಲಿ ಸಮಾಜದವರು ಶಾಲು ಹೊದಿಸಿದರು. ಮರುವರ್ಷ ಆ ಅಣುವನ್ನೇ ನೆಚ್ಚಿ, ಬನಹಟ್ಟಿಯ ನೇಕಾರರ ಮನೆಯ ವೈಶಾಲಿ ಎಂಬ ಹುಡುಗಿ ಅವರ ಬಳಿ ಡಾಕ್ಟರೇಟಿಗೆ ಸೇರಿದಳು. ಎರಡೂವರೆ ವರ್ಷ ದುಡಿದು ಹದಿನಾಲ್ಕನೆಯದರ ಹದಿನೆಂಟು ಸೋದರ ಅಣುಗಳನ್ನು ಕಟ್ಟಿದಳು. ಒಂದೂ ನಾಳ ಬಿಗಿಯುವುದನ್ನು ತಡೆಯಲಿಲ್ಲ. ತನ್ನ ಕೈಯೇ ಸರಿಯಿಲ್ಲವೆಂದು ಅವಳು ಅತ್ತದ್ದೂ ಉಂಟು. “ಇನ್ನೊಮ್ಮಿ ಮಾಡು” ಎಂದು ಗುರುಗಳು ಗದರಿದ್ದೂ ಉಂಟು.

ಒಂದು ದಿನ ಅವಳು ಕಪಾಟಿನಿಂದ ಹಳೆಯ ಮಸಿ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಗೆರೆ ಏರಿದ್ದೊಂದು, ಸಮತಟ್ಟಾದದ್ದೊಂದು; ಎರಡರ ಮೇಲಿನ ತಾರೀಖು ಬೇರೆ ಬೇರೆ. “ಸರ್, ಔಷಧ ಹಾಕೂಕಿಂತ ಮೊದಲ ಪೊಟ್ಯಾಸಿಯಂ ಕೊಟ್ಟ ನೋಡಿದ ಏರು ಎಲ್ಲೈತ್ರಿ?”

ನಾಳ ಜೀವಂತವಿದೆಯೇ ಎಂದು ತಿಳಿಯುವ ಮೊದಲ ಪರೀಕ್ಷೆ ಅದು. ಜೀವವಿದ್ದರೆ ಪೊಟ್ಯಾಸಿಯಂಗೆ ಬಿಗಿಯಲೇಬೇಕು. ನೇಮಿರಾಜರು ಅದನ್ನು ಮಾಡಿರಲಿಲ್ಲ. ನಾಳ ಫ್ರಿಜ್ಜಿನಲ್ಲೇ ಸತ್ತಿತ್ತು.

“ಬಸ್ಸ ಕೆಟ್ಟ ನಿಂತಿತ್ರಿ. ನಾ ಟವೆಲ್ ಹಾಕಿದ್ದಕ್ಕ ಯಾರೂ ಹತ್ತಲಿಲ್ಲ ಅಂತ ತಿಳಕೊಂಡೆ.”

ಅದೇ ವಾರ ಅವರು ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂಪಡೆದರು. ಶಾಲನ್ನು ಬಸದಿಗೆ ಮರಳಿಸಿದರು. ಆದರೆ ವೈಶಾಲಿಯ ಎರಡೂವರೆ ವರ್ಷವನ್ನು ಮರಳಿಸುವ ದಾರಿ ಇರಲಿಲ್ಲ. ಅವಳ ವಿಷಯವೇ ಕುಸಿದಿತ್ತು, ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಅವಳು ಸಂಶೋಧನೆ ಬಿಟ್ಟು ಬನಹಟ್ಟಿಯಲ್ಲಿ ಔಷಧ ಅಂಗಡಿ ತೆರೆದಳು. ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯಂದು ಜೈನರು ಕಂಡವರೆಲ್ಲರ ಕ್ಷಮೆ ಕೇಳುತ್ತಾರೆ. “ಆ ವರ್ಷ ಎಲ್ಲಾರ ಕಡಿ ಕೇಳಿದೆ. ಯಾರ ಕಡಿ ಕೇಳಬೇಕಾಗಿತ್ತೋ ಆಕಿ ಇನ್ನೂ ಕಾಲೇಜಿಗೆ ಬಂದಿರಲಿಲ್ಲ.” ಈಗ ಪ್ರತಿ ಕ್ಷಮಾವಣಿಗೆ ಫೋನ್ ಮಾಡುತ್ತಾರೆ. “ಆತ್ರಿ ಸರ್,” ಎಂದು ಅವಳು ಇಡುತ್ತಾಳೆ.

ಅವಳು ಬಿಟ್ಟುಹೋದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಅಣುವಿನ ಚಿತ್ರವಿತ್ತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅದನ್ನು ಕಟ್ಟಲು ನೇಮಿರಾಜರಿಗೆ ಮೂರು ವರ್ಷ ಹಿಡಿಯಿತು. ಏಳು ಹಂತಗಳ ಕೆಲಸ. ಐದನೆಯ ಹಂತ ನಾಲ್ಕು ಸಲ ಕೈಕೊಟ್ಟಿತು. ಅದೇ ಅರವತ್ತೊಂದನೆಯದು. ಬೇರೆ ಬೇರೆ ಆಡಿನ ಆರು ನಾಳಗಳ ಮೇಲೆ ಅದು ನಿಲ್ಲಬೇಕು. ಐದು ಆಗಿವೆ. ಶೀಷೆಯ ತಳದಲ್ಲಿ ಉಳಿದಿರುವುದು ಒಂದೇ ಪರೀಕ್ಷೆಗೆ ಸಾಲುವಷ್ಟು ಪುಡಿ, ಅದೂ ಈ ತೇವದ ಹವೆಗೆ ಹತ್ತು ದಿನ ತಡೆಯುವುದಿಲ್ಲ. ಮತ್ತೆ ಕಟ್ಟಬೇಕೆಂದರೆ ಇನ್ನೊಂದು ವರ್ಷ.

ಈಗ ಪ್ರಯೋಗಾಲಯದಲ್ಲಿ ಗಂಟೆ ಎಂಟೂವರೆ. ಮೊದಲ ನಾಳದ ಎಳೆ ಮೂವತ್ತೇಳು ಡಿಗ್ರಿಯ ದ್ರಾವಣದಲ್ಲಿ ಒಂದೂವರೆ ಗಂಟೆ ತೂಗಿ ದಣಿವಾರಿಸಿಕೊಂಡಿದೆ. ಪೊಟ್ಯಾಸಿಯಂ ಬೀಳುತ್ತದೆ. ಕಡ್ಡಿ ಏಳುತ್ತದೆ, ಅಷ್ಟರಲ್ಲೇ ನಿಲ್ಲುತ್ತದೆ. ಎಂಟು ಮಿಲಿಮೀಟರ್.

ನೇಮಿರಾಜರು ಬಹಳ ಹೊತ್ತು ಆ ಗೆರೆಯನ್ನೇ ನೋಡುತ್ತಾರೆ. ಇಂಥ ಅರೆಜೀವದ ನಾಳಕ್ಕೆ ಅರವತ್ತೊಂದನ್ನು ಹಾಕಿದರೆ ಗೆರೆ ಚೆಂದವಾಗಿ ಮಲಗುತ್ತದೆ, ಲೆಕ್ಕ ಆರಾಗುತ್ತದೆ, ಕೇಳುವವರು ಯಾರೂ ಕೋಣೆಯಲ್ಲಿಲ್ಲ. ಅವರು ಎಳೆಯನ್ನು ಬಿಚ್ಚಿ ಕಸದ ತೊಟ್ಟಿಗೆ ಒಗೆಯುತ್ತಾರೆ. ರಿಜಿಸ್ಟರಿನಲ್ಲಿ ‘ಒಗೆದದ್ದು: ಹದಿಮೂರು’ ಎಂದು ಬರೆಯುತ್ತಾರೆ.

ಎರಡನೆಯ ನಾಳಕ್ಕೆ ಮತ್ತೆ ಒಂದೂವರೆ ಗಂಟೆಯ ಕಾಯುವಿಕೆ. ಪೊಟ್ಯಾಸಿಯಂಗೆ ಕಡ್ಡಿ ಮೂವತ್ತೊಂಬತ್ತಕ್ಕೆ ಏರುತ್ತದೆ. ತೊಳೆದು ನಾರ್ಅಡ್ರಿನಲಿನ್ ಕೊಟ್ಟಾಗ ನಲವತ್ತೆರಡು. ಮತ್ತೆ ತೊಳೆದು, ಶೀಷೆಯ ಕೊನೆಯ ಪುಡಿಯನ್ನು ಕರಗಿಸಿ ಹಾಕುತ್ತಾರೆ. ಅದು ಗ್ರಾಹಕಗಳ ಮೇಲೆ ಕೂರಲು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನಾರ್ಅಡ್ರಿನಲಿನ್. ಕಡ್ಡಿ ಇಪ್ಪತ್ತೊಂದಕ್ಕೆ ಬಂದು ನಿಲ್ಲುತ್ತದೆ. ಅರ್ಧಕ್ಕರ್ಧ.

ಅವರ ಮುಖ ಇನ್ನೂ ಸಡಿಲಗೊಂಡಿಲ್ಲ. ಔಷಧವನ್ನೆಲ್ಲ ತೊಳೆದು ತೆಗೆದು, ಕಾದು, ಕೊನೆಯ ಬಾರಿ ನಾರ್ಅಡ್ರಿನಲಿನ್ ಕೊಡುತ್ತಾರೆ. ಕಡ್ಡಿ ಮೆಲ್ಲಗೆ ಏರಿ ನಲವತ್ತನ್ನು ಮುಟ್ಟುತ್ತದೆ. “ಜೀವಂತ ಐತಿ,” ಎನ್ನುತ್ತಾರೆ, ತಮಗೆ ಮಾತ್ರ ಕೇಳುವಂತೆ.

“ದೊಡ್ಡದೇನಲ್ರಿ ಇದು,” ಎಂದು, ಗೆರೆ ಅಳಿಸಿಹೋಗದಂತೆ ಮಸಿ ಕಾಗದಕ್ಕೆ ಅರಗಿನ ದ್ರಾವಣ ಹಾಯಿಸುತ್ತ ಅವರೇ ಹೇಳುತ್ತಾರೆ. “ಅಂಗಡ್ಯಾಗಿನ ಗುಳಿಗಿ ಇದಕ್ಕಿಂತ ಛಲೋ ಅದಾವ. ಇದು ಗುಳಿಗಿ ಆಗೂದು ನಮ್ಮ ಅವ್ವನ ಕಾಲಕ್ಕಂತೂ ಇಲ್ಲ, ನನ್ನ ಕಾಲಕ್ಕೂ ಇಲ್ಲ. ಆದ್ರ ಖರೆ ಐತಿ.”

ಮಧ್ಯಾಹ್ನದ ಬಸ್ಸಿಗೆ ಅವರು ಬನಹಟ್ಟಿಗೆ ಹೊರಡುತ್ತಾರೆ. ಔಷಧ ಅಂಗಡಿಯ ಕಟ್ಟೆಯಾಚೆ ವೈಶಾಲಿ ಅಜ್ಜಿಯೊಬ್ಬರಿಗೆ ಒತ್ತಡದ ಮಾತ್ರೆಯನ್ನು ಕತ್ತರಿಸಿ ಕೊಡುತ್ತಿದ್ದಾಳೆ. “ಬರ್ರಿ ಸರ್. ಕ್ಷಮಾವಣಿ ಇನ್ನೂ ದೂರ ಐತಲ್ರಿ.”

ಅವರು ಕಾಗದವನ್ನು ಕಟ್ಟೆಯ ಮೇಲೆ ಬಿಡಿಸುತ್ತಾರೆ. ಪಕ್ಕದಲ್ಲಿ ಅವಳ ಪೆನ್ಸಿಲ್ ಚಿತ್ರದ ಪುಟ. ಅವಳು ಪುಟವನ್ನು ನೋಡುತ್ತಾಳೆ; ಬೆರಳು ಕಾಗದದ ಮೊದಲ ಏರಿಗೆ ಹೋಗುತ್ತದೆ.

“ಇದು?”

“ಪೊಟ್ಯಾಸಿಯಂ.”

“ನಾಳ ಯಾವತ್ತಿಂದ್ರಿ?”

“ಇವತ್ತಿಂದ. ನಾನ ನಿಂತ ತಂದೀನಿ.”

“ಒಗದದ್ದೆಷ್ಟ?”

“ಇವತ್ತೊಂದು. ಒಟ್ಟ ಹದಿಮೂರು.”

ಅವಳು ಕಾಗದವನ್ನು ಸುತ್ತುತ್ತಾಳೆ. “ಆವಾಗ ಒಂದ ಒಗದಿದ್ರ ಸಾಕಾಗತಿತ್ತಲ್ರಿ ಸರ್.”

ಹೊಸ ಪ್ರಬಂಧದಲ್ಲಿ ಅವಳ ಹೆಸರೇ ಮೊದಲು ಇರಬೇಕು ಎಂದಷ್ಟೇ ನೇಮಿರಾಜರು ಹೇಳುತ್ತಾರೆ. “ಹಾಕ್ರಿ. ನಾ ತಿರುಗಿ ಬರತೀನಂತ ಮಾತ್ರ ತಿಳಕೋಬ್ಯಾಡ್ರಿ,” ಎನ್ನುತ್ತಾಳೆ ಅವಳು. “ತಾರೀಖ ಬರದಿಡ್ರಿ ಇದರ ಮ್ಯಾಲ. ಈಗ ನಡೀರಿ, ಹೊತ್ತ ಮುಳುಗಿದ್ರ ನಿಮ್ಮ ಊಟಾ ತಪ್ಪತೈತಿ.” ಅವರು ಮೆಟ್ಟಿಲು ಇಳಿಯುವಾಗ ಮತ್ತೆ ಕರೆಯುತ್ತಾಳೆ. “ಸರ್, ಈ ಸಲ ಕ್ಷಮಾ ಕೇಳೂ ಫೋನ್ ಬ್ಯಾಡ್ರಿ. ಆರೂ ಹಾಳಿ ಝೆರಾಕ್ಸ್ ತಗೊಂಡ ಬರ್ರಿ. ನಾ ನೋಡಬೇಕು.”

ಜಮಖಂಡಿಯ ಬಸ್ಸು ತುಂಬಿದೆ. ಕಾಗದದ ಸುರುಳಿ ಮಡಿಕೆಯಾಗದಂತೆ ಎದೆಗೆ ಹಿಡಿದು ಅವರು ಬಾಗಿಲ ಬಳಿ ನಿಲ್ಲುತ್ತಾರೆ. ಇನ್ನು ಏನು ಬಯಸುತ್ತೀರಿ ಎಂದು ಕೇಳಿದರೆ ಹೇಳುತ್ತಾರೆ:

“ಆಕಿ ಆರೂ ಹಾಳಿ ನೋಡ್ಲಿ. ನೋಡಿ, ಒಂದ ತಪ್ಪ ಹಿಡೀಲಿ. ಹಿಡಿದಳಂದ್ರ ಮತ್ತೊಮ್ಮಿ ಮಾಡತೀನಿ.”