ಹಳೆಯ ಹಾಳೆಗಳಿಗೆ ಮಣ್ಣು ಕೊಡುವ ಹಿಜ್ಕಿಯೊ

ನಮ್ಮ ಬುಖಾರಾದ ಯಹೂದಿ ಕೇರಿಯಲ್ಲಿ ಇನ್ನೂ ರೊಟ್ಟಿಯ ತಂದೂರು ಹೊತ್ತಿಲ್ಲ. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬುಡದಲ್ಲಿ, ಹಿಜ್ಕಿಯೊ ಕಲಾಂತರೊವ್ ಗೋಣಿಚೀಲ ಸುರುವಿಕೊಂಡು ಕುಳಿತಿದ್ದಾರೆ. ಗೆದ್ದಲು ತಿಂದ ಪ್ರಾರ್ಥನೆ ಪುಸ್ತಕಗಳು, ಇನ್ನೂರು ವರ್ಷ ಹಳೆಯ ತೊಗಲು ಸುರುಳಿಯ ತುಂಡುಗಳು, ಯಾರದೋ ಮದುವೆ ಕರಾರು. ಒಂದೊಂದನ್ನೂ ಮೂಗಿಗೆ ತಾಗಿಸಿ ಓದುತ್ತಾರೆ. ದೇವರ ಹೆಸರಿದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಬಲಗಡೆಯದನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ. ಮಡಕೆಗೆ ತುಂಬಿ, ಸತ್ತವರನ್ನು ಹೂಳಿದ ಹಾಗೆ ಸ್ಮಶಾನದಲ್ಲಿ ಹೂಳಬೇಕು.

ಎಪ್ಪತ್ತನಾಲ್ಕರ ಹಿಜ್ಕಿಯೊ ಹಗಲು ಹಳೆ ಬೂಟು ಹೊಲಿದು ಹೊಟ್ಟೆ ಹೊರೆಯುತ್ತಾರೆ. ಮೂವತ್ತೊಂದು ವರ್ಷದಿಂದ ಈ ಹಾಳೆ ಆರಿಸಿ ಹೂಳುವ ಕೆಲಸಕ್ಕೆ ಯಾರೂ ಒಂದು ಲೋಟ ಚಹಾ ಕೂಡ ಕೊಟ್ಟಿಲ್ಲ. ಮೊದಲು ದಿನಕ್ಕೆ ಇನ್ನೂರು ಹಾಳೆ ನೋಡುತ್ತಿದ್ದರು, ಈಗ ನಲವತ್ತು. ಎರಡೂ ಕಣ್ಣಿಗೆ ಪೊರೆ. ಊರು ಬಿಟ್ಟವರೆಲ್ಲ ಅಜ್ಜಂದಿರ ಪುಸ್ತಕಗಳನ್ನು ಇವರ ಬಾಗಿಲಿಗೆ ಸುರಿದು ವಿಮಾನ ಹತ್ತಿದರು. ಹೂಳುವಷ್ಟು ಪುರುಸೊತ್ತು ಒಬ್ಬರಿಗೂ ಇರಲಿಲ್ಲ. ನಾಚಿಕೆಯಾಗಬೇಕು.

ಹೋದ ವಸಂತದಲ್ಲಿ ತಾಷ್ಕೆಂಟಿನಿಂದ ಝೋಯಾ ಬಂದಳು. ಕಲಾವಿದೆ, ಇದೇ ಕೇರಿಯ ಮೊಮ್ಮಗಳು. ಹಳೆ ಹಾಳೆಗಳನ್ನು ಜರಿ ಮಖಮಲ್ಲಿಗೆ ಹೊಲಿದು ನಿಲುವಂಗಿ ಮಾಡುತ್ತೇನೆ ಎಂದಳು. ಹಿಜ್ಕಿಯೊ ಎಡಗಡೆಯ ರಾಶಿಯಿಂದ ಹನ್ನೆರಡು ಹಾಳೆ ಕೊಟ್ಟರು. ತಾಷ್ಕೆಂಟಿನ ಪ್ರದರ್ಶನದಲ್ಲಿಟ್ಟ ಆ ನಿಲುವಂಗಿಯ ಚಿತ್ರ ಬಂದಾಗ ಪಕ್ಕದ ಮನೆಯವರು ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ತೋರಿಸಿದರು. ನಿಲುವಂಗಿಯ ಎದೆಯ ಮೇಲೆ ದೇವರ ಹೆಸರು, ಅದರ ನಡುವೆ ಜರಿ ದಾರ.

ಹಿಜ್ಕಿಯೊ ಅಂದೇ ತಾಷ್ಕೆಂಟಿನ ರೈಲು ಹತ್ತಿದರು.

"ಆ ಒಂದು ಹಾಳೆ ಬಿಚ್ಚಿಕೊಡು ಮಗಳೇ."

"ಚಿಕ್ಕಪ್ಪಾ, ಅಂಗಿ ಮಾರಾಟ ಆಗೋಯ್ತು. ಕೊಂಡವರು ವಿದೇಶದವರು," ಎಂದಳು ಝೋಯಾ. "ಅಲ್ಲಾದ್ರೂ ಜನ ನೋಡ್ತಾರೆ. ಮಣ್ಣಿಗೆ ಹಾಕಿದ್ರೆ ನೋಡೋದು ಹುಳ ಮಾತ್ರ."

"ನಿಮ್ಮಜ್ಜೀನೂ ಮಣ್ಣಲ್ಲೇ ಇದಾಳೆ. ಅವಳನ್ನೂ ಗಾಜಿನ ಪೆಟ್ಟಿಗೇಲಿ ಇಡಬೇಕಿತ್ತಾ?"

ಝೋಯಾ ಅಂಗಿಯನ್ನು ಪೆಟ್ಟಿಗೆಗೆ ಮಡಿಸಿಟ್ಟಳು. ಹಾಳೆ ಕೊಡಲಿಲ್ಲ. ಅವಳ ಕೈಕೆಲಸ ಸೊಗಸಾಗಿದೆ, ಸುಳ್ಳು ಹೇಳುವುದಿಲ್ಲ. ಆದರೂ ಕೊಡಬೇಕಿತ್ತು.

ಹಿಜ್ಕಿಯೊ ಮಾತ್ರ ಅವಳನ್ನು ಬೈಯುವುದಿಲ್ಲ. "ಕೊಟ್ಟ ಕೈ ನಂದು. ಕಣ್ಣು ಕಾಣಲ್ಲ ಅಂತ ಒಪ್ಕೊಳ್ಳೋಕೆ ನನ್ ಜಂಬ ಬಿಡಲಿಲ್ಲ." ಈಗ ಎಡಗಡೆಯ ರಾಶಿಯನ್ನು ಯಾರಿಗೂ ಕೊಡುವುದಿಲ್ಲ. ಅದನ್ನೂ ಹೂಳುತ್ತಾರೆ.

ಕೊಂಡವರಿಗೆ ನಾಲ್ಕು ಪತ್ರ ಬರೆಸಿದ್ದಾರೆ, ಒಂದಕ್ಕೂ ಉತ್ತರವಿಲ್ಲ. ಸ್ಮಶಾನದಲ್ಲಿ ಹಾಳೆಯ ಮಡಕೆ ಹೂಳಲು ತೋಡಿದ ಈ ವರ್ಷದ ಗುಂಡಿ ತೆರೆದೇ ಇದೆ. ಮೇಲೊಂದು ಹಲಗೆ, ಹಲಗೆಯ ಮೇಲೆ ಕಲ್ಲು.

"ಅಜ್ಜಾ, ಇದನ್ನ ಮುಚ್ಚೋದು ಯಾವಾಗ? ಯಾರಾದ್ರೂ ಬಿದ್ದು ಸತ್ತಾರು," ಎಂದು ಸ್ಮಶಾನದ ಕಾವಲುಗಾರ ರೇಗುತ್ತಾನೆ.

"ಹಾಳೆ ಬಂದ್ಮೇಲೆ," ಎನ್ನುತ್ತಾರೆ ಹಿಜ್ಕಿಯೊ. "ಅದಕ್ ಮುಂಚೆ ನಾನೇ ಹೋದ್ರೆ ನನಗೆ ಬೇರೆ ಕಡೆ ತೋಡಿ. ಇದನ್ನ ಮುಟ್ಟಬೇಡಿ."