ಲಿಂಗಕ್ಕೆ ತೋರಿಸಿದ ಚೀಸು

ಹೋದ ಭಾನುವಾರ ಉಲ್ಲಾಳದ ಮಗಳ ಮನೆಗೆ ಹೋಗಿದ್ದೆ. ನೀರು ಕುಡಿಯೋಣವೆಂದು ಫ್ರಿಜ್ ತೆಗೆದರೆ ಎದುರಿಗೇ ಕೆಂಪು ಮೇಣ ಹೊದ್ದ ಚೀಸಿನ ಗುಂಡೊಂದು ಅರ್ಧ ಕತ್ತರಿಸಿಕೊಂಡು ಕೂತಿತ್ತು. ಹುಳಿ ಮಜ್ಜಿಗೆ, ಉಪ್ಪು, ಹಳೆಯ ಬೆಣ್ಣೆ ಮೂರೂ ಸೇರಿದಂಥ ವಾಸನೆ. ನೀರು ಮರೆತು ಅದನ್ನೇ ಮೂಸುತ್ತಾ ನಿಂತೆ. “ಕೆಟ್ಟಿಲ್ಲ ಕಣಮ್ಮ, ಅದರ ವಾಸನೆನೇ ಹಂಗೆ” ಎಂದಳು ಮಗಳು. ಅಷ್ಟೂ ಗೊತ್ತಿಲ್ಲವೇ ನನಗೆ? ಇವಳು ಹುಟ್ಟುವ ಮೊದಲೇ ಆ ವಾಸನೆಯ ಪರಿಚಯ ಮಾಡಿಸಿದವರು ನಮ್ಮ ಕೆಳಮನೆ ಅಜ್ಜಿ...

ಆಗ ನಾವು ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದೆವು. ಮೇಲೆ ನಾವು, ಕೆಳಗೆ ಮನೆಯ ಮಾಲೀಕರು. ಅವರು ಧಾರವಾಡದ ಕಡೆಯವರು, ಲಿಂಗವಂತರು. ಮಾಲೀಕರ ತಾಯಿಯೇ ಈ ಅಜ್ಜಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಸ್ನಾನ ಮಾಡಿ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವತನಕ ಹನಿ ನೀರೂ ಗಂಟಲಿಗೆ ಇಳಿಯುತ್ತಿರಲಿಲ್ಲ. ನಮ್ಮ ಮನೆಯ ಪೂಜೆಯೋ, ಅಮ್ಮ ಒಂದು ಊದುಬತ್ತಿ ಹಚ್ಚಿ ಕುಕ್ಕರ್ ಇಡಲು ಓಡುವಷ್ಟೇ. ಹಾಗಾಗಿ ಅಜ್ಜಿಯ ಶಿಸ್ತು ನನಗೊಂದು ವಿಸ್ಮಯ. ಕಾಲೇಜಿನಿಂದ ಬಂದವಳು ಮೆಟ್ಟಿಲು ಹತ್ತುವ ಬದಲು ಅವರ ಅಡುಗೆಮನೆಗೇ ನುಗ್ಗುತ್ತಿದ್ದೆ. ಅಲ್ಲಿ ಬಿಸಿ ರೊಟ್ಟಿ ಸಿಗುತ್ತಿತ್ತು ಎಂಬುದೂ ನಿಜ.

ಸೊಸೆ ಯಾವಾಗಲೋ ತಂದಿಟ್ಟ ಡಬ್ಬಿಯಿಂದ ಒಂದು ಚೂರು ಚೀಸು ತಿಂದ ದಿನದಿಂದ ಅಜ್ಜಿಗೆ ಅದರ ಹುಚ್ಚು ಹಿಡಿಯಿತು. ಹೆಂಚಿನಿಂದ ಇಳಿದ ಜೋಳದ ರೊಟ್ಟಿಯ ಮೇಲೆ ಚೀಸು ತುರಿದು, ಅದು ಕರಗಿ ಹೊಳೆಯುವಾಗ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ಮಡಚುತ್ತಿದ್ದರು. ನಾನು ಆಮೇಲೆ ತಿಂದ ಯಾವ ಪಿಜ್ಜಾವೂ ಅದರ ಹತ್ತಿರ ಸುಳಿಯಲಾರದು. ಆದರೆ ಬಾಯಿಗೆ ಹಾಕುವ ಮೊದಲು ಒಂದು ಕ್ರಮವಿತ್ತು. ತುಂಡನ್ನು ಎದೆಯ ಮೇಲಿನ ಕರಡಿಗೆಯ ಹತ್ತಿರ ಹಿಡಿದು ಕಣ್ಣು ಮುಚ್ಚುವರು. ಅನ್ನವಾಗಲಿ, ಕಡಲೆಯ ಕಾಳಾಗಲಿ, ಲಿಂಗಕ್ಕೆ ತೋರಿಸದೆ ಅವರು ಏನನ್ನೂ ತಿಂದವರಲ್ಲ. “ಗಿಣ್ಣದಂಗೂ ಅಲ್ಲ, ಬೆಣ್ಣಿಯಂಗೂ ಅಲ್ಲ. ಇದನ್ನ ಕಂಡ ಹಿಡದಾವ ಶಾಣ್ಯಾ ನೋಡವಾ” ಎನ್ನುತ್ತಿದ್ದರು.

ಒಮ್ಮೆ ಮಗನ ಆಫೀಸಿನವರು ಯಾರೋ ಹೊರದೇಶಕ್ಕೆ ಹೋಗಿಬಂದವರು ಇಂಥದ್ದೇ ಒಂದು ಕೆಂಪು ಗುಂಡು ತಂದುಕೊಟ್ಟರು. ಅಜ್ಜಿಯ ಸಂಭ್ರಮ ಹೇಳತೀರದು. ದಿನಾ ಸಂಜೆ ತೆಳ್ಳಗೆ ಒಂದು ಹಾಳೆ ಕತ್ತರಿಸುವುದು, ಲಿಂಗಕ್ಕೆ ತೋರಿಸುವುದು, ನಾಲಗೆಯ ಮೇಲಿಟ್ಟುಕೊಂಡು ಕರಗಲು ಬಿಡುವುದು. ಗುಂಡು ಮುಗಿಯುತ್ತಾ ಬಂದಾಗ ಹುಬ್ಬಳ್ಳಿಯಿಂದ ಅಜ್ಜಿಯ ಅಳಿಯ ಬಂದ. ಒಳ್ಳೆಯ ಮನುಷ್ಯನೇ, ಆದರೆ ತನಗೆ ಗೊತ್ತಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರ. ಊಟಕ್ಕೆ ಕೂತಾಗ ಚೀಸಿನ ಚರಿತ್ರೆ ಶುರುಮಾಡಿದ. ಬಹಳ ಹಿಂದೆ ಮರುಭೂಮಿಯಲ್ಲಿ ಯಾರೋ ವ್ಯಾಪಾರಿ ಕರುವಿನ ಹೊಟ್ಟೆಯಿಂದ ಮಾಡಿದ ಚೀಲದಲ್ಲಿ ಹಾಲು ಒಯ್ಯುತ್ತಿದ್ದನಂತೆ. ಬಿಸಿಲಿಗೆ, ಒಂಟೆಯ ಕುಲುಕಾಟಕ್ಕೆ ಹಾಲು ಗಟ್ಟಿಯಾಯಿತಂತೆ. ಅದೇ ಚೀಸು! ನಾವೆಲ್ಲ ನಕ್ಕೆವು.

ಅಜ್ಜಿ ಮಾತ್ರ ನಗಲಿಲ್ಲ. “ಸತ್ತ ಕರದ ಹೊಟ್ಟಿ?” ಎಂದರು.

“ಹೌದ್ರಿ ಅತ್ತಿ. ಹೊರದೇಶದಾಗ ಈಗ್ಲೂ ಭಾಳ ಮಂದಿ ಅದರ ರಸಾನ ಹಾಕಿ ಹಾಲು ಹೆಪ್ಪಿಡ್ತಾರ. ಈ ಗುಂಡಿನ ಮ್ಯಾಲೂ ಬರದಾರ ನೋಡ್ರಿ” ಎಂದು ಚೀಟಿಯನ್ನು ಓದಿಯೇ ಬಿಟ್ಟ. ಇಂಥ ಕಡೆ ಓದು ಬರಹ ಬಾರದಿದ್ದರೇ ಚೆನ್ನ. ಅಜ್ಜಿ ಎದ್ದು ಕೈ ತೊಳೆದುಕೊಂಡು ಒಳಗೆ ಹೋದರು.

ಮರುದಿನ ಅವರು ಪೂಜೆಗೆ ಕೂರಲಿಲ್ಲ. ಪೂಜೆ ಇಲ್ಲವೆಂದ ಮೇಲೆ ನೀರಿಲ್ಲ, ಊಟವಿಲ್ಲ. ಅದರ ಮರುದಿನವೂ ಹಾಗೆಯೇ. ಸೊಸೆ ಕಣ್ಣೀರು ಹಾಕುತ್ತಾ ಮೇಲೆ ಬಂದರು. ಅಮ್ಮ ನನ್ನನ್ನೂ ಕರೆದುಕೊಂಡು ಕೆಳಗೆ ಓಡಿದಳು. ಅಜ್ಜಿ ಗೋಡೆಗೆ ಒರಗಿ ಕೂತಿದ್ದರು, ತುಟಿ ಒಣಗಿ ಬಿರಿದಿತ್ತು. “ಗೊತ್ತಿಲ್ಲದೆ ತಿಂದಿದೀರಿ, ದೇವರು ಕ್ಷಮಿಸ್ತಾನೆ ಅಜ್ಜಿ” ಎಂದಳು ಅಮ್ಮ.

“ನಾ ತಿಂದದ್ದು ಬಿಡವಾ. ಅವಂಗ ಕೊಟ್ಟೇನಲ್ಲ! ದಿನಾ ಸಂಜಿಗೆ ಕೊಟ್ಟೇನಿ. ಇನ್ನ ಯಾವ ಮಾರಿ ಇಟ್ಕೊಂಡು ಅವನ್ನ ಕೈಯಾಗ ಹಿಡೀಲಿ?” ಅಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆ ವಯಸ್ಸಿನವರು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಜ್ಜಿ ಹೀಗೇ ಹೋಗಿಬಿಡುತ್ತಾರೇನೋ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಕೊನೆಗೆ ಮಗ ಹೋಗಿ ಬಾಪೂಜಿ ನಗರದಿಂದ ಅವರ ಮನೆತನದ ಅಯ್ಯನವರನ್ನು ಕರೆತಂದರು. ಹಬ್ಬ ಹುಣ್ಣಿಮೆಗೆ ಬಂದು ಪೂಜೆ ಮಾಡಿಸುತ್ತಿದ್ದ ಮುದುಕರು, ಅವರೂ ಧಾರವಾಡದ ಕಡೆಯವರೇ. ದೊಡ್ಡ ಉಪದೇಶ ಮಾಡುತ್ತಾರೆಂದು ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಅವರು ಅಜ್ಜಿಯ ಎದುರು ಕಾಲು ಮಡಿಸಿ ಕೂತು ಕೇಳಿದ್ದು ಇಷ್ಟೇ, “ಕೊಡುವಾಗ ಮನಸಿನಾಗ ಏನಿತ್ತವಾ?”

“ಭಾಳ ರುಚಿ ಐತಿ, ಮೊದಲ ಅವ ತಿನ್ಲಿ ಅಂತಿತ್ರಿ.”

“ಹಂಗಾರ ಅದಷ್ಟ ಅವಂಗ ಮುಟ್ಟೈತಿ. ಏಳು, ಜಳಕ ಮಾಡು. ನೀ ಉಣ್ಣದ ನಾ ಉಣ್ಣಾಂಗಿಲ್ಲ. ನನಗೂ ಹಸಿವಾಗೈತಿ.”

ಮನೆಗೆ ಬಂದ ಅಯ್ಯನವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದುಂಟೇ? ಅಜ್ಜಿ ಗೋಡೆ ಹಿಡಿದುಕೊಂಡು ಎದ್ದರು. ಸ್ನಾನ ಮಾಡಿ ಬಂದು ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಆ ದಿನ ನಾವೆಲ್ಲ ಅಲ್ಲೇ ಉಂಡೆವು.

ಆಮೇಲೆ ಅಜ್ಜಿ ಚೀಸು ಮುಟ್ಟಲಿಲ್ಲ. ನಮ್ಮ ದೇಶದ ಡಬ್ಬಿಯದು ಶುದ್ಧ ಸಸ್ಯಾಹಾರ, ನೋಡಿ ಹಾಗಂತ ಬರೆದೇ ಇದೆ ಎಂದು ಸೊಸೆ ತೋರಿಸಿದರೂ ಒಪ್ಪಲಿಲ್ಲ. ಬರೆದದ್ದನ್ನು ನಂಬಿ ಅವನಿಗೆ ಹೇಗೆ ಕೊಡಲಿ ಎಂಬುದು ಅವರ ಪ್ರಶ್ನೆ. ಅವನಿಗೆ ಕೊಡದ್ದು ತಮಗೂ ಬೇಡ. ಆದರೆ ಬಿಸಿ ರೊಟ್ಟಿ ತಟ್ಟೆಗೆ ಬಿದ್ದಾಗ ಅವರ ಕಣ್ಣು ಫ್ರಿಜ್ಜಿನ ಕಡೆ ಹೋಗುವುದನ್ನು ನಾನು ಕಂಡಿದ್ದೆ. ಒಂದು ಸಂಜೆ ಅವರೇ ಮೆಲ್ಲಗೆ ಹೇಳಿದರು, “ಆದದ್ದು ಆತು ತಂಗಿ. ಇನ್ನೂ ಬೇಕು ಅನಸ್ತೈತಲ್ಲ, ಈ ನಾಲಿಗಿಗೆ ಏನ ಮಾಡ್ಲಿ?”

ಕರುವಿನ ಹಂಗಿಲ್ಲದೆ ಮನೆಯಲ್ಲೇ ಚೀಸು ಮಾಡಬಹುದೇ ಎಂದು ನನಗೆ ಯೋಚನೆ ಹತ್ತಿತು. ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದಾಗ ಒಂದು ಪುಸ್ತಕದಲ್ಲಿ ಹಿಂದಿನವರು ಅಂಜೂರದ ಗಿಡದ ಸೊನೆಯಿಂದಲೂ ಹಾಲು ಹೆಪ್ಪಿಟ್ಟು ಚೀಸು ಮಾಡುತ್ತಿದ್ದರೆಂದು ಬರೆದಿತ್ತು. ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಅಂಜೂರವಿತ್ತು! ಅಜ್ಜಿ ಸುದ್ದಿ ಕೇಳಿ ಮಡಿಯುಟ್ಟೇ ಬಂದರು. ಬೆಚ್ಚಗಿನ ಹಾಲನ್ನು ಆಗತಾನೇ ಮುರಿದ ಅಂಜೂರದ ಕಡ್ಡಿಯಿಂದ ತಿರುಗಿಸುತ್ತಾ ಕೂತೆವು. ಮೊದಲ ಸಲ ಏನೂ ಆಗಲಿಲ್ಲ, ಕಾಫಿಗೂ ಬಾರದ ಹಾಲನ್ನು ಚೆಲ್ಲಿದ್ದಕ್ಕೆ ಸೊಸೆ ಗೊಣಗಿದರು. ಮತ್ತೊಂದು ಸಲ ಹಾಲು ತುಸು ಜಾಸ್ತಿ ಬಿಸಿ ಮಾಡಿದೆವು, ಕಡ್ಡಿಗಳನ್ನೂ ಜಾಸ್ತಿ ಮುರಿದೆವು. ಹಾಲು ನಿಧಾನವಾಗಿ ಗಟ್ಟಿಯಾಯಿತು. ತೆಳು ಬಟ್ಟೆಯಲ್ಲಿ ಕಟ್ಟಿ, ಉಪ್ಪು ಸವರಿ, ರುಬ್ಬುವ ಗುಂಡನ್ನು ಮೇಲೆ ಹೇರಿದೆವು. ಅಂಗೈಯಗಲದ ಬಿಳಿಯ ಬಿಲ್ಲೆಯೊಂದು ತಯಾರಾಯಿತು.

ಮರುದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ ನನ್ನನ್ನೂ ಕರೆದರು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಚೀಸಿನ ಚೂರು. ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದನ್ನು ನಾನು ಬೇರೆಂದೂ ನೋಡಲಿಲ್ಲ. ಆಮೇಲೆ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿತು. ಕಹಿ... ನಾನೂ ತಿಂದು ನೋಡಿದೆ, ಬೇವಿನ ಸೊಪ್ಪು ಅಗಿದ ಹಾಗಿತ್ತು. ಅಜ್ಜಿ ನನ್ನನ್ನು ನೋಡಿದರು, ಅಂಗೈಯ ಲಿಂಗವನ್ನು ನೋಡಿದರು. “ನಿನ್ನ ಮುಂದ ಸುಳ್ಳ್ಯಾಕ ಹೇಳ್ಲೆಪಾ? ಆ ಕೆಂಪ ಗುಂಡಿಂದ ಛಲೋ ಇತ್ತು” ಎಂದು ಅವನಿಗೇ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ಆ ನಗು ನನ್ನ ಕಿವಿಯಲ್ಲಿ ಈಗಲೂ ಇದೆ. ಕಹಿ ಬಿಲ್ಲೆಯನ್ನು ಮಾತ್ರ ಬಿಡದೆ ಪೂರ್ತಿ ತಿಂದು ಮುಗಿಸಿದರು.

ಅವರು ತೀರಿಕೊಂಡಾಗ ನಾನು ಮದುವೆಯಾಗಿ ಕೆಂಗೇರಿಗೆ ಬಂದಿದ್ದೆ. ಹೋಗುವ ಹೊತ್ತಿಗೆ ವಿಭೂತಿ ಹಚ್ಚಿ, ಹೂವಿನ ನಡುವೆ ಕೂರಿಸಿದ್ದರು. ಅವರ ಪದ್ಧತಿಯಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಹಾಗೇ ಮಣ್ಣು ಮಾಡಿದರು. ಯಾವ ಮುಖ ಇಟ್ಟುಕೊಂಡು ಕೈಯಲ್ಲಿ ಹಿಡಿಯಲಿ ಎಂದು ಅತ್ತವರು ಕೈಯಲ್ಲಿ ಹಿಡಿದುಕೊಂಡೇ ಹೋದರು. ಅಷ್ಟು ಜನರ ನಡುವೆ ನನಗೆ ಅಳುವಿನ ಜೊತೆ ಸಮಾಧಾನವೂ ಆಗಿತ್ತು.

ಆ ಮನೆ ಈಗ ಇಲ್ಲ, ಅಲ್ಲಿ ಫ್ಲ್ಯಾಟುಗಳೆದ್ದಿವೆ. ನಾನು ಈಗ ಬಗೆಬಗೆಯ ಚೀಸು ತಿನ್ನುತ್ತೇನೆ, ಚೀಟಿಯನ್ನೂ ಓದುತ್ತೇನೆ. ನನಗೆ ಅಜ್ಜಿಯ ಭಕ್ತಿ ಬರಲಿಲ್ಲ, ಅವರ ನಾಲಗೆಯ ಚಪಲವಷ್ಟೇ ಬಂತು. ಆದರೂ ಬಹಳ ರುಚಿಯಾದದ್ದೇನಾದರೂ ಬಾಯಿಯ ಹತ್ತಿರ ಬಂದಾಗ ಕೈ ಒಂದು ಗಳಿಗೆ ತಡೆಯುತ್ತದೆ. ಮೊದಲು ಯಾರಿಗಾದರೂ ಕೊಡಬೇಕೆನ್ನಿಸುತ್ತದೆ. ನನಗೆ ಕೊಡಬೇಕೆನ್ನಿಸುವುದು ಅಜ್ಜಿಗೆ. ಅಜ್ಜಿ ಇಲ್ಲ... ಒಬ್ಬಳೇ ತಿನ್ನುತ್ತೇನೆ.